ಬಿಚ್ಚಬಾರದ ಪೆಟ್ಟಿಗೆ

ಆ ಬರಗಾಲದ ವರ್ಷಗಳಲ್ಲಿ ನಮ್ಮ ಕಡೆ ಸೊಂಪಾಗಿ ಬೆಳೆದದ್ದು ಎರಡೇ: ಒಂದು ಜಾಲಿ, ಇನ್ನೊಂದು ಕಂಪ್ಯೂಟರ್ ವೈರಸ್. ಜಾಲಿಯನ್ನು ಯಾರೂ ಕೊಳ್ಳುತ್ತಿರಲಿಲ್ಲ. ವೈರಸ್ಸಿನ ಹೆಸರು ಹೇಳಿಕೊಂಡು ನಾನು ಬೀದರಿನಲ್ಲಿ ಅಂಗಡಿ ಇಟ್ಟಿದ್ದೆ.

ದೂರದ ಊರಿನ ಒಂದು ಆಂಟಿವೈರಸ್ ಕಂಪನಿಗೆ ನಾನು ಡೀಲರು. ಆ ಕಂಪನಿಯ ತಲೆಗೆ ಕೈ ಮುಗಿಯಬೇಕು. ಸಿ.ಡಿ. ಇಟ್ಟ ಪೆಟ್ಟಿಗೆ ಮಾರುವುದು, ಅದಕ್ಕೆ ಒಂದೇ ವರ್ಷ ಆಯುಷ್ಯ ಕೊಡುವುದು, ವರ್ಷ ತುಂಬಿದ ಕೂಡಲೇ ಪರದೆಯ ಮೂಲೆಯಲ್ಲಿ ಕೆಂಪು ಗುರುತು ಮೂಡಿಸಿ ಹೆದರಿಸುವುದು, ಮತ್ತೆ ಮಾರುವುದು. ಟೀವಿ ಜಾಹೀರಾತಿಗೆ ಪೈಸೆ ಬಿಚ್ಚಲಿಲ್ಲ. ಕಂಪ್ಯೂಟರ್ ರಿಪೇರಿಯವರ ಬಾಯಿಂದಲೇ ಜನರನ್ನು ಹೆದರಿಸಿ ಊರೂರಿಗೆ ಹಬ್ಬಿತು. ಅವರು ಇದಕ್ಕೆ ಮಾರುಕಟ್ಟೆ ವಿಸ್ತರಣೆ ಎನ್ನುತ್ತಿದ್ದರು. ನನ್ನ ಪಾಲಿಗೆ ಅದು ಪೆಟ್ಟಿಗೆಗಳ ಚೀಲ ಹೊತ್ತು ಬಸ್ಸಿನಲ್ಲಿ ನಿಂತು ಹೋಗುವುದು.

ಮಳೆ ಕೈಕೊಟ್ಟು ಜನ ಹೈದರಾಬಾದಿಗೂ ಪುಣೆಗೂ ಗುಳೆ ಹೊರಟಿದ್ದರು. ಭಾಲ್ಕಿಯ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಹೋದರೆ ಕಲಿಯುವವರೇ ಇಲ್ಲ. ಕಂಪ್ಯೂಟರುಗಳು ಹಳೆ ಸೀರೆ ಹೊದ್ದು ಕೂತಿದ್ದವು. ಹಬ್ಬಕ್ಕೆ ಬಂದವರು ಮಾತ್ರ ಪೆನ್‌ಡ್ರೈವಿನಲ್ಲಿ ಹಾಡು, ಹಾಡಿನ ಬೆನ್ನಿಗೆ ವೈರಸ್ಸು, ಎರಡನ್ನೂ ತಂದು ಊರಿಗೆಲ್ಲ ಧಾರಾಳವಾಗಿ ಹಂಚಿ ಹೋಗುತ್ತಿದ್ದರು.

ಇಂಥದರಲ್ಲೂ ತಪ್ಪದೆ ವರ್ಷಕ್ಕೊಂದು ಪೆಟ್ಟಿಗೆ ತರಿಸುತ್ತಿದ್ದವಳು ಔರಾದಿನ ಆಪಾ. ಬಸ್ ನಿಲ್ದಾಣದ ಎದುರು ಫೋಟೋ ಸ್ಟುಡಿಯೋ ನಡೆಸುತ್ತಿದ್ದಳು. ಊರಿಗೆಲ್ಲ ಅಕ್ಕ, ಅದಕ್ಕೇ ಆಪಾ. ನಾನು ಬಸ್ ಕಂಡಕ್ಟರನ ಕೈಯಲ್ಲಿ ಪೆಟ್ಟಿಗೆ ಕೊಟ್ಟು ಕಳಿಸುತ್ತಿದ್ದೆ. ಒಂದು ದೂರಿಲ್ಲ, ಒಂದು ತಕರಾರಿಲ್ಲ. ಡೀಲರುಗಳ ಸಭೆಯಲ್ಲಿ ಕಂಪನಿಯ ಸಾಹೇಬರು, ಔರಾದನ್ನು ನೋಡಿ ಕಲಿಯಿರಿ ಎಂದು ನಮಗೆಲ್ಲ ಪುರಾಣ ಹೇಳಿದರು. ಆಮೇಲೆ ಬಿರಿಯಾನಿ ಇತ್ತು, ಹಾಗಾಗಿ ಯಾರೂ ಎದ್ದು ಹೋಗಲಿಲ್ಲ.

ಒಂದು ಬೇಸಿಗೆಯಲ್ಲಿ ಆಪಾಳ ಫೋನು ಬಂತು. ಪುಣೆಯಿಂದ ಬಂದವನೊಬ್ಬ ಪ್ರಿಂಟಿಗೆಂದು ಪೆನ್‌ಡ್ರೈವ್ ಕೊಟ್ಟು ಹೋದ ಮೇಲೆ ಕಂಪ್ಯೂಟರಿನಲ್ಲಿ ಒಂದು ಫೋಟೋವೂ ಕಾಣುತ್ತಿಲ್ಲ ಎಂದಳು. ಗುಳೆ ಹೋಗುವವರು ಮನೆಮಂದಿಯೆಲ್ಲ ಒಗೆದ ಬಟ್ಟೆ ಉಟ್ಟು ಅವಳಲ್ಲಿ ಫೋಟೋ ತೆಗೆಸಿಕೊಂಡೇ ಬಸ್ಸು ಹತ್ತುತ್ತಿದ್ದರು. ಅವರಿಗೆಲ್ಲ ಪ್ರಿಂಟು ಕೊಟ್ಟಾಗಿತ್ತು. ಆಪಾ ಅಳುತ್ತಿದ್ದದ್ದು ತೀರಿಹೋದ ತನ್ನ ಅಮ್ಮನ ಒಂದೇ ಒಂದು ಫೋಟೋಕ್ಕಾಗಿ. ಜೀವಮಾನವೆಲ್ಲ ಕ್ಯಾಮೆರಾಕ್ಕೆ ಮುಖ ಕೊಡದ ಮುದುಕಿಯನ್ನು ಮಗಳು ಒಮ್ಮೆ ಹೇಳದೆ ಕೇಳದೆ ಕ್ಲಿಕ್ಕಿಸಿದ್ದಳು. ಕಾಗದಕ್ಕೆ ಇಳಿಸಬಾರದು, ಪರಗಂಡಸರ ಕಣ್ಣಿಗೆ ಬೀಳಬಾರದು ಎಂದು ಅಮ್ಮ ಅವಳಿಂದ ಆಣೆ ಮಾಡಿಸಿಕೊಂಡಿದ್ದಳು. ಹಾಗಾಗಿ ರಿಪೇರಿಯ ಗಂಡಸರು ಆ ಕಂಪ್ಯೂಟರನ್ನು ಮುಟ್ಟುವಂತಿರಲಿಲ್ಲ. ಆಪಾಳಿಗೆ ಗೊತ್ತಿದ್ದ ಹೆಂಗಸು ಡೀಲರು ನಾನೊಬ್ಬಳೇ. ಬಸ್ಸು ಹತ್ತಿದೆ.

ಹೋಗಿ ನೋಡುತ್ತೇನೆ, ಕಂಪ್ಯೂಟರಿನ ನೆತ್ತಿಯ ಮೇಲೆ ದರ್ಗಾದಿಂದ ತಂದ ತಾಯಿತ, ಆಪಾಳ ಬಾಯಲ್ಲಿ ತಾವೀಜ. ಅದರ ಪಕ್ಕ ನನ್ನ ಪೆಟ್ಟಿಗೆ, ಹೊರಗಿನ ಪ್ಲಾಸ್ಟಿಕ್ ಕೂಡ ಹರಿಯದೆ, ಹಸಿರು ದಾರ ಕಟ್ಟಿಸಿಕೊಂಡು ಮೆರೆಯುತ್ತಿತ್ತು. ಮುಂದೆ ಊದುಬತ್ತಿಯ ಬೂದಿ ಬೇರೆ. ಇದನ್ನು ಯಾಕೆ ಬಿಚ್ಚಿಲ್ಲ ಎಂದು ಕೇಳಿದ್ದಕ್ಕೆ ಆಪಾ ನನ್ನನ್ನೇ ದಡ್ಡಿಯೆಂಬಂತೆ ನೋಡಿದಳು.

"ಕಾಯೋ ವಸ್ತು ಬಿಚ್ಚಬಾರದು, ಬೇಟಿ. ತಾವೀಜ ಬಿಚ್ಚಿದ್ರ ಅದರ ಬಲ ಹೋಗ್ತದ. ಇಷ್ಟೂ ಗೊತ್ತಿಲ್ಲೇನು ನಿನಗ?"

ಹಳೆಯವು ಎಲ್ಲಿ ಎಂದರೆ ಹಿತ್ತಲ ಬಾವಿ ತೋರಿಸಿದಳು. ಅವಧಿ ಮುಗಿದ ತಾವೀಜವನ್ನು ಕಸಕ್ಕೆ ಎಸೆಯುವಂತಿಲ್ಲ, ನೀರಿಗೆ ಬಿಡಬೇಕು. ಅದೇ ಮರ್ಯಾದೆಯನ್ನು ನನ್ನ ಪೆಟ್ಟಿಗೆಗಳಿಗೂ ಮಾಡಿದ್ದಳು. ಈಗ ಬಾವಿ ಬತ್ತಿ, ತಳದ ಬಿರುಕುಬಿಟ್ಟ ಕೆಸರಿನ ಮೇಲೆ ಕಂಪನಿಯ ಮಾರುಕಟ್ಟೆ ವಿಸ್ತರಣೆ ಅಂಗಾತ ಬಿದ್ದು ಬಿಸಿಲಿಗೆ ಹೊಳೆಯುತ್ತಿತ್ತು. ನಗು ಉಕ್ಕಿ ಬಂತು. ಪಕ್ಕದಲ್ಲಿ ಆಪಾ ಕಣ್ಣೊರೆಸಿಕೊಳ್ಳುತ್ತಿದ್ದಳು, ಹಾಗಾಗಿ ಕೆಮ್ಮಿ ಮರೆಸಿದೆ. ಪಾಪ, ದೂರು ಬರಲಿಲ್ಲವೆಂದು ಬೀಗಿದ್ದ ಸಾಹೇಬರನ್ನು ತಂದು ಇಲ್ಲಿ ನಿಲ್ಲಿಸಬೇಕಿತ್ತು.

ಬಾವಿಯಿಂದ ಒಳಗೆ ಬಂದು, ಪೆಟ್ಟಿಗೆಯನ್ನು ಅವಳ ಕೈಗೇ ಕೊಟ್ಟೆ.

"ಆಪಾ, ಇದು ಬಿಚ್ಚಿದ್ರಷ್ಟ ಕೆಲಸ ಮಾಡ್ತದರಿ. ಅಮ್ಮಾ ಬೇಕೋ, ಪೆಟ್ಟಿಗಿ ಬೇಕೋ?"

ಅವಳು ಹಸಿರು ದಾರ ಬಿಚ್ಚಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಬಿಸ್ಮಿಲ್ಲಾ ಎಂದು ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದಳು.

ಸಿ.ಡಿ. ಹಾಕಿದೆ. ಕಂಪನಿಯನ್ನು ಎಷ್ಟೇ ಆಡಿಕೊಂಡರೂ ಅದರ ಮಾಲು ಖೋಟಾ ಅಲ್ಲ. ವೈರಸ್ಸು ಫೋಟೋಗಳನ್ನು ನುಂಗಿರಲಿಲ್ಲ, ಅಡಗಿಸಿಟ್ಟಿತ್ತು. ಅದನ್ನು ಅಳಿಸಿ, ಅಡಗಿದ್ದವನ್ನು ಹೊರಗೆ ತೆಗೆಯುತ್ತ ಹೋದಂತೆ, ಊರು ಬಿಟ್ಟವರೆಲ್ಲ ಮಕ್ಕಳುಮರಿ ಸಮೇತ ವಾಪಸು ಬಂದು ಪರದೆಯ ಮೇಲೆ ಸಾಲಾಗಿ ನಿಂತರು. ಅಮ್ಮ ಬರಲೊಲ್ಲಳು. ಆಪಾ ನನ್ನ ಭುಜ ಹಿಡಿದಿದ್ದ ಕೈ ಬಿಗಿಯಾಯಿತು.

ಕಟ್ಟಕಡೆಗೆ ಅಮ್ಮ ಬಂದಳು. ಪರದೆಯ ತುಂಬ ಒಂದು ಅಂಗೈ. ಕ್ಯಾಮೆರಾ ತಡೆಯಲು ಚಾಚಿದ, ಬಿರಿದ, ಮದರಂಗಿ ಮಾಸಿದ ಅಂಗೈ. ಬೆರಳ ಸಂದಿಯಿಂದ ಒಂದೇ ಒಂದು ಕಣ್ಣು, ಅದೂ ಸಿಟ್ಟಿನಿಂದ ಕೆಕ್ಕರಿಸಿಕೊಂಡು. ಪರಗಂಡಸರ ಕಣ್ಣಿಗೆ ಬೀಳಬಾರದೆಂದು ಇಷ್ಟು ವರ್ಷ ಕಾಯ್ದದ್ದು ಇದನ್ನು.

"ನೋಡು ಬೇಟಿ," ಆಪಾ ಅಂದಳು, ನಗುತ್ತ, ಮೂಗು ಸೀಟುತ್ತ. "ಇನ್ನೂ ಬೈತಾಳ ನನಗ."

ಮತ್ತೆ ತನ್ನ ಅಂಗೈಯನ್ನು ಪರದೆಯ ಅಂಗೈಗೆ ಒತ್ತಿ ಹಾಗೆಯೇ ಕೂತಳು.

ನಾನು ಬಾಗಿಲು ಮುಂದೆ ಮಾಡಿ ಹೊರಗಿನ ಕಟ್ಟೆಯ ಮೇಲೆ ಕೂತೆ. ಹೈದರಾಬಾದ್ ಬಸ್ಸಿಗೆ ಹೊತ್ತಾಯಿತು, ಬೇಗ ಒಂದು ಫೋಟೋ ಎಂದು ಒಬ್ಬ ಗಂಡಸು ಬಂದ. ಒಳಗ ಆಪಾನ ಅಮ್ಮಾ ಅದಾರ, ಸ್ವಲ್ಪ ನಿಂದ್ರರಿ ಎಂದೆ. ಅವನು ತಲೆ ತಗ್ಗಿಸಿ ನಿಂತ.