ಮೇಷ್ಟ್ರ ಚಂದ್ರ

ಅಕ್ಕಿ ಹುರಿಯುವ ವಾಸನೆ ಬಂದರೆ ಬೇರೆಯವರಿಗೆ ತಿಂಡಿ ನೆನಪಾಗುತ್ತದೆ, ನನಗೆ ಕ್ಯಾಮೆರಾ ನೆನಪಾಗುತ್ತದೆ. ಮೊನ್ನೆ ತಂಬಿಟ್ಟಿಗೆಂದು ಬಾಣಲೆಯಲ್ಲಿ ಅಕ್ಕಿ ಹುರಿಯುತ್ತ ನಿಂತಿದ್ದೆ. ಅದು ಕೆಂಪಗಾಗಿ ಚಟಪಟ ಎನ್ನುವ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಇರಲೇ ಇಲ್ಲ. ತಳ ಹೊತ್ತಿದ ವಾಸನೆಯೇ ನನ್ನನ್ನು ಹಿಂದಕ್ಕೆ ಕರೆತಂದದ್ದು.

ನಗಬೇಡಿ. ಕೊಡಗಿನ ಮಳೆಗಾಲ ಕಂಡವರಿಗೆ ಇದು ತಮಾಷೆಯಲ್ಲ. ಅಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ರಟ್ಟಿಗೆ, ಒಗೆದು ಮಡಚಿಟ್ಟ ಬಟ್ಟೆಗೆ, ಎಲ್ಲಕ್ಕೂ ಬೂಷ್ಟು ಬರುತ್ತದೆ. ಕ್ಯಾಮೆರಾದ ಗಾಜಿನ ಒಳಗೂ ಅದು ಜೇಡರ ಬಲೆಯ ಹಾಗೆ ಹಬ್ಬುತ್ತದೆ. ನಮ್ಮ ಚಿಕ್ಕಪ್ಪ ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ಹುರಿದ ಅಕ್ಕಿ ತುಂಬಿ, ಬಟ್ಟೆಯಲ್ಲಿ ಸುತ್ತಿದ ಕ್ಯಾಮೆರಾವನ್ನು ಅದರೊಳಗೆ ಹೂತು, ಒಲೆಯ ಮೇಲಿನ ಅಟ್ಟದಲ್ಲಿ ಇಡುವುದು. ಅಕ್ಕಿ ತೇವ ಎಳೆದುಕೊಂಡ ಮೇಲೆ ಅದನ್ನು ತೆಗೆದು ಹೊಸದು ಹಾಕಬೇಕು. ತೆಗೆದದ್ದನ್ನು ಅಜ್ಜಿ ಮತ್ತೊಮ್ಮೆ ಹುರಿದು ಪುಡಿ ಮಾಡಿ ಬಾಳೆಹಣ್ಣು ಸೇರಿಸಿ ತಂಬಿಟ್ಟು ಮಾಡುತ್ತಿದ್ದಳು. "ಪೆಟ್ಟಿಗೆ ತಿಂದು ಬಿಟ್ಟದ್ ನಮಗೆ" ಎಂದು ಗೊಣಗಿಕೊಂಡೇ ಮಾಡುತ್ತಿದ್ದಳು. ಆ ತಂಬಿಟ್ಟಿನಲ್ಲಿ ಸ್ವಲ್ಪ ಕ್ಯಾಮೆರಾದ ಚರ್ಮದ ವಾಸನೆ ಇರುತ್ತಿತ್ತು ಎಂದು ನನಗೆ ನೆನಪು. ಇರುತ್ತಿತ್ತೋ, ಈಗ ನಾನೇ ಸೇರಿಸುತ್ತಿದ್ದೇನೋ ಗೊತ್ತಿಲ್ಲ. ನಾನು ಚಿಕ್ಕಂದಿನಿಂದ ದಿನಚರಿ ಬರೆಯುವವಳು. ಅದರಿಂದ ಕಲಿತದ್ದು ಒಂದೇ: ನನಗೆ ಚೆನ್ನಾಗಿ ನೆನಪಿರುವ ಸಂಗತಿಗಳು ದಿನಚರಿಯಲ್ಲಿ ಇರುವುದಿಲ್ಲ, ದಿನಚರಿಯಲ್ಲಿ ಇರುವುದು ನನಗೆ ನೆನಪಿರುವುದಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ನಾನು ಮೈಸೂರಿನ ಕಾಲೇಜಿನಲ್ಲಿದ್ದೆ. ರಜೆ ಬಂದರೆ ಭಾಗಮಂಡಲದ ಕಡೆಯ ನಮ್ಮ ಊರಿಗೆ, ಅಜ್ಜಿಯ ಮನೆಗೆ ಹೋಗುತ್ತಿದ್ದೆ. ಅಲ್ಲಿ ಅಜ್ಜಿ ಮತ್ತು ಚಿಕ್ಕಪ್ಪ ಇಬ್ಬರೇ. ಚಿಕ್ಕಪ್ಪ ಊರಿನ ಶಾಲೆಯ ಮೇಷ್ಟ್ರು, ಇನ್ನೂ ಮದುವೆ ಆಗಿರಲಿಲ್ಲ. ಆಗಿದ್ದರೂ ಹೆಂಡತಿ ಆ ಡಬ್ಬವನ್ನು ಸಹಿಸುತ್ತಿದ್ದಳೋ ಇಲ್ಲವೋ. ಮನೆಯಲ್ಲಿ ನಾವು ಮಾತಾಡುವುದು ಅರೆಭಾಷೆ. ಇಲ್ಲಿ ಬರುವ ಮಾತುಗಳನ್ನು ನಿಮಗೆ ತಿಳಿಯಲೆಂದು ಒಂದಿಷ್ಟು ನೇರ ಮಾಡಿದ್ದೇನೆ. ಅಜ್ಜಿ ಇದ್ದಿದ್ದರೆ "ಯಾರ್ ಮಾತಾಡಿದ್ದ್ ಇದ್?" ಎಂದು ಕೇಳುತ್ತಿದ್ದಳು.

ಚಿಕ್ಕಪ್ಪನಿಗೆ ಊರಿನಲ್ಲಿ ಒಂದು ಅವಮಾನ ಆಗಿತ್ತು. ರಷ್ಯದವರು ಮೊದಲ ಬಾರಿಗೆ ಆಕಾಶಕ್ಕೆ ಕೃತಕ ಚಂದ್ರನನ್ನು ಹಾರಿಸಿದಾಗ ಅವರು ಇಡೀ ಊರನ್ನು ಬೆಳಗಾಗುವ ಮೊದಲೇ ಎಬ್ಬಿಸಿ ಗದ್ದೆಯ ಏರಿಯ ಮೇಲೆ ನಿಲ್ಲಿಸಿದ್ದರು. ಮಕ್ಕಳು, ಮುದುಕರು, ಕಂಬಳಿ ಹೊದ್ದ ಹೆಂಗಸರು, ಎಲ್ಲರೂ. ಮಂಜು ಇಳಿಯಿತು. ಎದುರಿಗೆ ನಿಂತವರ ಮುಖವೇ ಕಾಣಿಸಲಿಲ್ಲ, ಇನ್ನು ಚಂದ್ರ ಎಲ್ಲಿಂದ ಕಾಣಬೇಕು? ಬಿಸಿಲು ಬಂದ ಮೇಲೆ ಎಲ್ಲರೂ ಮನೆಗೆ ಹೋದರು. ಹೋಗುವಾಗ ದೇವಯ್ಯ ಮಾವ ಒಂದು ಹೆಸರು ಇಟ್ಟುಹೋದರು. ದೇವಯ್ಯ ಮಾವ ಅಜ್ಜಿಯ ಅಣ್ಣನ ಮಗ, ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದು ಬಂದವರು. ಅವರು ಇಟ್ಟ ಹೆಸರು ಅಳಿಸುವ ಹಾಗಿಲ್ಲ. ಅಂದಿನಿಂದ ಊರಿನಲ್ಲಿ ಬರುತ್ತೇನೆಂದು ಬಾರದ ಎಲ್ಲದಕ್ಕೂ 'ಮೇಷ್ಟ್ರ ಚಂದ್ರ' ಎಂಬ ಹೆಸರು ಬಿತ್ತು. ಮಡಿಕೇರಿ ಬಸ್ಸು ಮೇಷ್ಟ್ರ ಚಂದ್ರ. ಸೊಸೈಟಿಯ ಸಕ್ಕರೆ ಮೇಷ್ಟ್ರ ಚಂದ್ರ. ರಸ್ತೆಗೆ ಹಾಕುತ್ತೇವೆಂದ ಟಾರು, ಅದಂತೂ ಇಂದಿಗೂ ಇರಬೇಕು. ಶಾಲೆಯ ಮಕ್ಕಳ ಬಾಯಿಗೂ ಅದು ಬಂದಿತು. ಚಿಕ್ಕಪ್ಪ ಪಾಠದಲ್ಲಿ ಗ್ರಹಗಳ ಪುಟ ಬಂದರೆ ಮಡಚಿ ಮುಂದೆ ಹೋಗುತ್ತಿದ್ದರಂತೆ.

ಆಮೇಲೆ ಅಮೆರಿಕದವರು ಬೆಳ್ಳಿಯ ಹಾಗೆ ಹೊಳೆಯುವ ದೊಡ್ಡ ಬಲೂನನ್ನು ಹಾರಿಸಿದರು. ಅದು ಬರಿಗಣ್ಣಿಗೆ ಕಾಣುತ್ತದೆ, ನಕ್ಷತ್ರದಷ್ಟು ಬೆಳಗುತ್ತದೆ, ಯಾವಾಗ ಎಲ್ಲಿ ಕಾಣುತ್ತದೆಂದು ಪತ್ರಿಕೆಯಲ್ಲೇ ಹಾಕುತ್ತಿದ್ದರು. ಮಳೆ ಹೋಗಿ ಕಾಫಿ ಕೊಯ್ಲು ಶುರುವಾದ ಕಾಲ. ಚಿಕ್ಕಪ್ಪನಿಗೆ ಮತ್ತೆ ಜೀವ ಬಂದಿತು. ಈ ಬಾರಿ ಊರಿಗೆ ಹೇಳುವುದಿಲ್ಲ, ಫೋಟೋ ತೆಗೆದು ತೋರಿಸುತ್ತೇನೆ ಎಂದರು. ಒಂದು ಸಂಜೆ ಊಟಕ್ಕೆ ಕೂತಾಗ ಇನ್ನೊಂದು ಮಾತನ್ನೂ ಹೇಳಿದರು.

"ಈ ಸಲ ಫೋಟೋ ಬೀಳ್ದಿದ್ರೆ ನಾ ವರ್ಗಕ್ಕೆ ಬರೆದ್ ಹಾಕುದೇ, ಅವ್ವ. ಮೈಸೂರು ರಾಜ್ಯ ಈಗ ದೊಡ್ಡದ್. ಬೀದರ್‌ಗೆ ಹಾಕಿದ್ರೂ ಹೋಗುದೇ."

"ಬೀದರ್ ಎಲ್ಲಿ?" ಎಂದಳು ಅಜ್ಜಿ.

"ದೂರ."

ಅಜ್ಜಿ ಅವರ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿದಳು. ಅವಳ ದೊಡ್ಡ ಮಗ, ಅಂದರೆ ನನ್ನ ಅಪ್ಪ, ಕೆಲಸಕ್ಕೆಂದು ಆಗಲೇ ಮೈಸೂರು ಸೇರಿದ್ದ. ಉಳಿದವರು ಇವರೊಬ್ಬರೇ.

ಚಿಕ್ಕಪ್ಪನ ಜೊತೆಗಾರ ಪೂವಯ್ಯ. ಕಣಿವೆಯ ಆಚೆ ಗುಡ್ಡದ ಮೇಲಿನ ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ ಬರೆದು ಉಳಿದ ಹೊತ್ತಿನಲ್ಲಿ ಅವರಿಗೂ ಕ್ಯಾಮೆರಾ ಹುಚ್ಚು. ಇಬ್ಬರೂ ಕೂಡಿ ಒಂದು ಯೋಜನೆ ಹಾಕಿದರು. ಕಣಿವೆಯ ಎರಡೂ ಕಡೆಯಿಂದ ಒಂದೇ ಕ್ಷಣದಲ್ಲಿ ಫೋಟೋ ತೆಗೆದರೆ, ಹಿಂದಿನ ನಕ್ಷತ್ರಗಳ ನಡುವೆ ಬಲೂನಿನ ಗೆರೆ ಎಷ್ಟು ಸರಿದಿದೆ ಎಂದು ನೋಡಿ ಅದರ ಎತ್ತರ ಲೆಕ್ಕ ಹಾಕಬಹುದು. ಬರೀ ಫೋಟೋ ಅಲ್ಲ, ವಿಜ್ಞಾನ! ಕೆಲವು ವರ್ಷಗಳ ನಂತರ ನಾನು ಇದನ್ನು ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರಿಗೆ ಹೇಳಿದೆ. ಅವರು ಬಹಳ ಹೊತ್ತು ನಕ್ಕು, "ಅಷ್ಟು ಎತ್ತರದ ವಸ್ತುವಿಗೆ ನಿಮ್ಮ ಕಣಿವೆ ಸಾಲದಮ್ಮ. ಒಬ್ಬರು ಮಡಿಕೇರಿಯಲ್ಲಿ, ಇನ್ನೊಬ್ಬರು ಮದ್ರಾಸಿನಲ್ಲಿ ನಿಲ್ಲಬೇಕಿತ್ತು" ಎಂದರು. ಚಿಕ್ಕಪ್ಪನಿಗೆ ನಾನು ಈ ಮಾತನ್ನು ಮುಟ್ಟಿಸಲಿಲ್ಲ.

ಒಂದೇ ಕ್ಷಣ ಎಂದರೆ ಹೇಗೆ? ಇಬ್ಬರ ಗಡಿಯಾರಗಳು ಎಂದೂ ಒಪ್ಪಿದ್ದಿಲ್ಲ. ಫೋನು ಇಲ್ಲ. ಆದರೆ ಕೊಡಗಿನ ಮನೆಯಲ್ಲಿ ಕೋವಿ ಇದ್ದೇ ಇರುತ್ತದಲ್ಲ. ಚಿಕ್ಕಪ್ಪ ಒಂದು ಗುಂಡು ಹಾರಿಸಿದಾಗ ಕ್ಯಾಮೆರಾದ ಕಣ್ಣು ತೆರೆಯುವುದು, ಇನ್ನೊಂದು ಹಾರಿಸಿದಾಗ ಮುಚ್ಚುವುದು. ಶಬ್ದ ಕಣಿವೆ ದಾಟಲು ಹಿಡಿಯುವ ಹೊತ್ತನ್ನೂ ಲೆಕ್ಕ ಮಾಡಿದ್ದರು. ಅಷ್ಟು ಹೊತ್ತು ತಡೆದು ನಾನು ಇಲ್ಲಿ ಗುಂಡಿ ಒತ್ತಬೇಕು. ಅದೇ ನನಗೆ ಕೊಟ್ಟ ಕೆಲಸ. ಮೊದಲು ಎರಡು ಗುಂಡುಗಳ ನಡುವೆ ತುಂಬ ಅಂತರ ಇಡುವುದೆಂದಿತ್ತು. ಮುಸ್ಸಂಜೆಯ ಬೆಳಕಿಗೆ ಫಿಲ್ಮು ಬೆಳ್ಳಗಾಗುತ್ತದೆ ಎಂದು ಪೂವಯ್ಯ ತಕರಾರು ತೆಗೆದರು. ಅಂತರ ಕಡಿಮೆಯಾಗುತ್ತ ಆಗುತ್ತ ಒಂದು ನಿಮಿಷಕ್ಕೂ ಕೆಳಗೆ ಬಂದಿತು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಮನೆಯಲ್ಲಿ ಸಾವಾದರೆ ಒಂದರ ಹಿಂದೆ ಒಂದು, ಎರಡು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು, ಬಿಳಿ ಬಟ್ಟೆ ಉಟ್ಟು, ಆ ಮನೆಗೆ ಹೊರಡಬೇಕು. ಇದು ಮಾತು ಬರುವ ಮೊದಲೇ ಮಕ್ಕಳಿಗೆ ಗೊತ್ತಿರುವ ಸಂಗತಿ. ಶಬ್ದದ ವೇಗ ಗೊತ್ತಿದ್ದ ನಮ್ಮ ಮೂವರಿಗೂ ಇದು ಹೊಳೆಯಲಿಲ್ಲ.

ಆ ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು. ಅಂಗಳದ ಒರಳುಕಲ್ಲಿನ ಮೇಲೆ ಕ್ಯಾಮೆರಾ ಇಟ್ಟು ಹಗ್ಗದಲ್ಲಿ ಬಿಗಿದಿದ್ದೆವು. ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ಪಶ್ಚಿಮದ ಗುಡ್ಡದ ಮೇಲೆ ಒಂದು ಚುಕ್ಕಿ ಎದ್ದಿತು. ಅದು ಮಿನುಗುತ್ತಿರಲಿಲ್ಲ, ಆತುರವೂ ಇರಲಿಲ್ಲ, ಸುಮ್ಮನೆ ಹತ್ತಿ ಬರುತ್ತಿತ್ತು. ಚಿಕ್ಕಪ್ಪ ಕೋವಿ ಎತ್ತಿದರು. ಗುಂಡು ಹಾರಿತು. ನಾನು ಎಣಿಸಿ ಒತ್ತಿ ಹಿಡಿದೆ. ಎರಡನೆಯದೂ ಹಾರಿತು. ಬಿಟ್ಟೆ. ಕಣಿವೆಯಲ್ಲಿ ಸದ್ದು ಸುತ್ತಿ ಸುತ್ತಿ ಅಡಗಿತು.

ಮೊದಲು ಅರ್ಥವಾದದ್ದು ಚಿಕ್ಕಪ್ಪನಿಗೆ. ಕೋವಿಯನ್ನು ಮೆಲ್ಲನೆ ಗೋಡೆಗೆ ಒರಗಿಸಿ, "ಅವ್ವಾ, ನಾ ಎಂತ ಮಾಡ್ದೆ" ಎಂದರು.

"ನನ್ನ ಕೊಂದೆ" ಎಂದಳು ಅಜ್ಜಿ. "ಕುಡಿಯೋಕೆ ಎಂತಾದ್ರೂ ಬೇಕಾ?"

ಸತ್ತವರು ಯಾರೆಂದು ಊರಿಗೆ ಅನುಮಾನವೇ ಇರಲಿಲ್ಲ. ಮುಂದಿನ ಹುತ್ತರಿ ಹಬ್ಬ ನಾನು ನೋಡುವುದಿಲ್ಲ ಎಂದು ಅಜ್ಜಿ ಪ್ರತಿ ಹುತ್ತರಿಗೂ ಹೇಳುತ್ತಿದ್ದಳು. ಆ ವಾರ ಸಣ್ಣ ಜ್ವರವೂ ಬಂದಿತ್ತು. ಕತ್ತಲಾಗುವಷ್ಟರಲ್ಲಿ ಗುಡ್ಡದ ಎಲ್ಲ ಕಡೆಯಿಂದ ಒಣಸೋಗೆಯ ಸೂಟೆಗಳ ಬೆಳಕು ಇಳಿಯತೊಡಗಿತು. ಮುಂದೆ ದೇವಯ್ಯ ಮಾವ, ಹೆಗಲ ಮೇಲೆ ಬಿಳಿ ಬಟ್ಟೆ, ಅಳು ತಡೆದು ಕೆಂಪಾದ ಮುಖ. ಅಂಗಳಕ್ಕೆ ಕಾಲಿಟ್ಟವರು ಜಗಲಿ ಕಡೆ ನೋಡಿ ಹಾಗೇ ನಿಂತರು.

"ಎಂತ ದೇವಯ್ಯ, ಸೂಟೆ ಹಿಡ್ಕಂಡ್ ಬಂದದ್ದ್?" ಎಂದಳು ಅಜ್ಜಿ.

"ಅತ್ತೆ... ಎರಡ್ ಗುಂಡ್ ಕೇಳ್ತ್."

"ನಂಗೂ ಕೇಳ್ತ್."

"ಹಂಗಾರೆ ಯಾರ್ ಹೋದದ್ದ್?"

"ಯಾರೂ ಇಲ್ಲೆ. ನಿನ್ನ ಬಾವ ಫೋಟೋ ತೆಗ್ದದ್ದ್."

ದೇವಯ್ಯ ಮಾವನ ದುಃಖ ಕೋಪವಾಗಲು ಎಷ್ಟು ಹೊತ್ತು ಹಿಡಿಯಿತೆಂದು ನಾನು ಹೇಳಲಾರೆ, ಬಹಳ ಹಿಡಿಯಲಿಲ್ಲ. "ಮೇಷ್ಟ್ರೆ" ಎಂದು ಶುರುಮಾಡಿದರು. ಅವರ ಹಿಂದೆ ಅಂಗಳ ತುಂಬುತ್ತಿತ್ತು. ಬಂದವರೆಲ್ಲ ಬಿಳಿ ಉಟ್ಟವರು. ಬಂದವರೆಲ್ಲ ಮೊದಲು ಅಜ್ಜಿಯನ್ನು, ಆಮೇಲೆ ಚಿಕ್ಕಪ್ಪನನ್ನು ನೋಡುವರು. ಪೂವಯ್ಯನೂ ಬಂದರು, ಕೊರಳಲ್ಲಿ ಕ್ಯಾಮೆರಾ ಜೋತುಬಿದ್ದಿತ್ತು. ಯಾರೂ ಸತ್ತಿಲ್ಲ ಎಂದು ಎಷ್ಟು ಹೇಳಿದರೂ ಅವರ ತಾಯಿ ನಂಬದೆ ಎಳೆದುಕೊಂಡು ಬಂದಿದ್ದರು.

ಚಿಕ್ಕಪ್ಪನ ಮುಖ ನೋಡಲಾಗುತ್ತಿರಲಿಲ್ಲ. ಬೀದರ್ ಹತ್ತಿರವಾಗುತ್ತಿತ್ತು. ಆಗ ಅವರು, ನನಗೆ ಇಂದಿಗೂ ಆಶ್ಚರ್ಯ, ಮೆಟ್ಟಿಲ ಮೇಲೆ ನಿಂತು ಹೇಳಿದರು: "ಅದ್ ಇನ್ನೊಂದ್ ಸಲ ಬರ್ತದೆ. ಭೂಮಿ ಸುತ್ತಿ ಬರೋಕೆ ಎರಡ್ ಗಂಟೆ. ನಿಂತ್ರೆ ನೀವೇ ನೋಡಿ."

ಯಾರೋ "ಮೇಷ್ಟ್ರ ಚಂದ್ರ" ಎಂದರು. ನಗು ಎದ್ದಿತು. ಕೆಲವರು ಸೂಟೆ ತಿರುಗಿಸಿ ಹೊರಟೂಬಿಟ್ಟರು.

"ನಾ ಸತ್ತಿದ್ರೆ ಬೆಳಗ್ಗೆವರೆಗೆ ಕೂರ್ತಿದ್ರಿ" ಎಂದಳು ಅಜ್ಜಿ. "ಬದ್ಕಿದ್ದದ್ದಕ್ಕೆ ಎರಡ್ ಗಂಟೆ ಕೂರೋಕೆ ಆಗುಲೆಯಾ?"

ಹೊರಟವರು ಮರಳಿ ಬಂದರು. ಒಳಗಿನಿಂದ ಬೆಲ್ಲದ ಕಾಫಿ ಬಂತು. "ಸಾವಿನ ಮನೇಲಿ ಇದ್ ಸಿಗ್ತಿರ್ಲಿಲ್ಲೆ" ಎಂದು ದೇವಯ್ಯ ಮಾವ ಎರಡು ಲೋಟ ಕುಡಿದರು. ಮಾತು ಕಾಫಿ ಕೊಯ್ಲು, ಕರಿಮೆಣಸು, ಯಾರದೋ ಎಮ್ಮೆ ಎಂದು ಹೊರಳಿತು. ಚಿಕ್ಕಪ್ಪ ಮಾತ್ರ ಗದ್ದೆಯ ಕಡೆ ನೋಡುತ್ತಿದ್ದರು. ಅಲ್ಲಿಂದ ಮಂಜು ಏಳತೊಡಗಿತ್ತು. ತೋಡಿನ ಗೆರೆ ಮುಚ್ಚಿತು, ದಿಬ್ಬದ ಹಲಸಿನ ಬುಡ ಮುಚ್ಚಿತು. ಇನ್ನೊಂದು ಸಲ ಹೀಗಾದರೆ ಅವರು ಈ ಊರಿನಲ್ಲಿ ಇರುವುದಿಲ್ಲ ಎಂದು ಆ ಅಂಗಳದಲ್ಲಿ ಗೊತ್ತಿದ್ದದ್ದು ಅಜ್ಜಿಗೆ ಮತ್ತು ನನಗೆ ಮಾತ್ರ. ನಾನು ಕ್ಯಾಮೆರಾದ ಪಕ್ಕ ಕೂತು, ಮಂಜಿಗೆ ಅಲ್ಲೇ ನಿಲ್ಲು ಎಂದು ಹೇಳುತ್ತಿದ್ದೆ. ಕಾಲೇಜಿನಲ್ಲಿ ಕಲಿತವಳು ಮಂಜಿನ ಜೊತೆ ಮಾತಾಡುತ್ತೇನೆಂದರೆ ಪರಿಸ್ಥಿತಿ ಎಂಥದೆಂದು ನೀವೇ ಊಹಿಸಿ.

ಹೊತ್ತು ಆಯಿತು. ಬರಲಿಲ್ಲ. ಚಿಕ್ಕಪ್ಪ ಅಭ್ಯಾಸಬಲದಿಂದ ಕೋವಿಗೆ ಕೈ ಹಾಕಿದರು. ದೇವಯ್ಯ ಮಾವ ಅದನ್ನು ಕಿತ್ತು ತಮ್ಮ ಕಂಕುಳಿಗೆ ಸಿಕ್ಕಿಸಿಕೊಂಡರು. ಎತ್ತರದ ವಿಜ್ಞಾನ ಅಲ್ಲಿಗೆ ಮುಗಿಯಿತು. ಮಂಜು ಅಂಗಳದ ಅಂಚಿಗೆ ಬಂದು ನಿಂತಿತ್ತು.

ಮೊದಲು ಕಂಡದ್ದು ದೇವಯ್ಯ ಮಾವನಿಗೆ. ಸೈನ್ಯದ ಕಣ್ಣು. ಕೈಯೆತ್ತಿ ತೋರಿಸಿ ಬಹಳ ಮೆಲ್ಲಗೆ, "ಬಾವ" ಎಂದರು. "ಬಾವ, ಅದಾ?"

ಆ ಹೆಸರು ಇಟ್ಟ ದಿನದಿಂದ ಅವರು ಚಿಕ್ಕಪ್ಪನನ್ನು ಬಾವ ಎಂದು ಕರೆದಿರಲಿಲ್ಲ.

ಅದೇ. ಮಂಜಿನ ಮೇಲೆ, ಗುಡ್ಡದ ಮೇಲೆ, ಯಾರ ಹಂಗೂ ಇಲ್ಲದೆ ನಡೆದು ಬಂದಿತು. ನೆತ್ತಿಯ ಹತ್ತಿರ ಬಂದಾಗ ಒಂದು ಮುದುಕಿ ಕೈ ಮುಗಿದಳು, ಅವಳನ್ನು ನೋಡಿ ಇನ್ನೂ ನಾಲ್ಕು ಜನ. ನಾನು ಗುಂಡಿ ಒತ್ತಿ ಹಿಡಿದಿದ್ದೆ, ಬಿಡುವುದು ಯಾವಾಗ ಎಂದು ಹೇಳಬೇಕಾದ ಚಿಕ್ಕಪ್ಪ ಹೇಳಲಿಲ್ಲ. ಅವರು ಆಕಾಶ ನೋಡುತ್ತಿರಲಿಲ್ಲ, ಅಂಗಳ ನೋಡುತ್ತಿದ್ದರು.

ಎರಡು ಫೋಟೋಗಳೂ ನನ್ನ ಬಳಿ ಇವೆ. ಮೊದಲನೆಯದರಲ್ಲಿ ಗೆರೆ ಗುಂಡಿನ ಸದ್ದಿಗೆ ನಡುಗಿ ಹಾವಿನಂತೆ ಡೊಂಕಾಗಿದೆ. ಎರಡನೆಯದರಲ್ಲಿ ನೇರ. ಅದರ ಕೆಳಗೆ ಮಸುಕಾದ ಬಿಳಿ ಪಟ್ಟಿಯೊಂದು ಇದೆ, ಮಂಜು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಅಜ್ಜಿಯ ಸಾವಿಗೆ ಬಂದವರು. ಚಿಕ್ಕಪ್ಪ ಬೀದರ್‌ಗೆ ಹೋಗಲಿಲ್ಲ. ಅಜ್ಜಿ ಆಮೇಲೂ ಎಷ್ಟೋ ಹುತ್ತರಿ ನೋಡಿದಳು.

ನನ್ನನ್ನು ಕಾಡುವುದು ಕಾಫಿ. ಅಷ್ಟು ಜನಕ್ಕೆ ಅಷ್ಟು ಬೇಗ ಕಾಫಿ ಹೇಗೆ ಬಂತು? ಗುಂಡು ಹಾರುವ ಮೊದಲೇ ಒಲೆಯ ಮೇಲೆ ಮದುವೆಮನೆಯ ದೊಡ್ಡ ಹಂಡೆಯಲ್ಲಿ ನೀರು ಕುದಿಯುತ್ತಿತ್ತು ಎಂದು ನನಗೆ ಚಿತ್ರದ ಹಾಗೆ ನೆನಪು. ದಿನಚರಿಯಲ್ಲಿ ಹಂಡೆ ಇಲ್ಲ. ಅಂದರೆ ನಂಬಬಾರದು. ಆದರೆ ನಾವು ಮೂವರು ಗುಂಡುಗಳ ಅಂತರದ ಬಗ್ಗೆ ದಿನಗಟ್ಟಲೆ ಜಗಳವಾಡಿದ್ದು ಅದೇ ಜಗಲಿಯಲ್ಲಿ, ಅಜ್ಜಿಯ ಎದುರಿಗೇ. ಅಪ್ಪ, ಅವ್ವ, ಗಂಡ, ಅಣ್ಣಂದಿರು, ಎಲ್ಲರಿಗಾಗಿಯೂ ಆ ಎರಡು ಗುಂಡು ಕೇಳಿದವಳು ಅವಳು. ಅವಳಿಗೆ ಹೊಳೆಯದೆ ಇರುತ್ತದೆಯೇ? ಮಗ ಕರೆದರೆ ಬಾರದ ಊರು ತಾನು ಸತ್ತರೆ ಬಂದೇ ಬರುತ್ತದೆ ಎಂದು ಲೆಕ್ಕ ಹಾಕಿ ಸುಮ್ಮನೆ ಎಲೆಗೆ ಸುಣ್ಣ ಸವರುತ್ತ ಕೂತಳೇ? ಕೇಳಬೇಕೆಂದು ನನಗೆ ತೋಚುವ ಹೊತ್ತಿಗೆ, ಊರಿಗೆ ಅವಳಿಗಾಗಿ ಎರಡು ಗುಂಡು ಮತ್ತೆ ಕೇಳಿ ವರ್ಷಗಳಾಗಿದ್ದವು.

ಈಗ ನನಗೂ ಅವಳ ಆಗಿನ ವಯಸ್ಸು. ಮೈಸೂರಿನಲ್ಲಿ ನಾಲ್ಕು ಅಂತಸ್ತಿನ ಕಟ್ಟಡದ ಎರಡನೆಯ ಮಹಡಿಯಲ್ಲಿದ್ದೇನೆ. ಬಾಹ್ಯಾಕಾಶ ನಿಲ್ದಾಣ ಊರ ಮೇಲೆ ಹಾದುಹೋಗುವ ದಿನ ಪತ್ರಿಕೆಯಲ್ಲಿ ಬರುತ್ತದೆ. ಹಿಂದೆ ಒಮ್ಮೆ ಎಲ್ಲ ಮನೆಗಳಿಗೂ ಹೇಳಿ ಬಂದಿದ್ದೆ. "ಖಂಡಿತ ಬರ್ತೀವಿ ಆಂಟಿ" ಎಂದರು. ತಾರಸಿಯ ಮೇಲೆ ನಾನೊಬ್ಬಳೇ ನಿಂತು ನೋಡಿದೆ. ನಿನ್ನೆ ಸಂಜೆ ಅದು ಮತ್ತೆ ಬರುವುದಿತ್ತು. ಈ ಸಲ ಯಾರಿಗೂ ಏನೂ ಹೇಳಿರಲಿಲ್ಲ. ಹೊತ್ತು ಹತ್ತಿರವಾದಾಗ ನಮ್ಮ ಮಹಡಿಯ ಬೆಲ್ಲುಗಳನ್ನು ಒಂದೊಂದಾಗಿ ಒತ್ತಿ, ಗೋಡೆ ಹಿಡಿದು ನಿಂತು, ಸ್ವಲ್ಪ ತಾರಸಿಗೆ ಬರ್ತೀರಾ, ಯಾಕೋ ಒಬ್ಬಳೇ ಹತ್ತಲು ಧೈರ್ಯವಿಲ್ಲ ಎಂದೆ. ಅದು ಸುಳ್ಳೂ ಅಲ್ಲ.

ಎಲ್ಲರೂ ಓಡಿ ಬಂದರು. ಒಬ್ಬರ ಕೈಯಲ್ಲಿ ನೀರು, ಒಬ್ಬರ ಕೈಯಲ್ಲಿ ಬಿ.ಪಿ. ನೋಡುವ ಯಂತ್ರ, ಸದ್ದು ಕೇಳಿ ಕೆಳಗಿನ ಮನೆಯವರು ಊಟದ ಕೈಯಲ್ಲೇ. ತಾರಸಿಗೆ ಹತ್ತಿಸಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಎದುರು ಮನೆಯ ಹುಡುಗಿ ನನ್ನ ಮುಂದೆ ಮಂಡಿಯೂರಿ, ಎರಡೂ ಕೈ ಹಿಡಿದು ಕೇಳಿದಳು.

"ಎಲ್ಲಿ ಆಂಟಿ? ಎಲ್ಲಿ ನೋವು?"

"ಅಲ್ಲಿ" ಎಂದು ಪಶ್ಚಿಮದ ಕಡೆಗೆ ಬೆರಳು ತೋರಿಸಿದೆ.