ತೂಗದೆ ಬಿಡದ ತಕ್ಕಡಿಯಕ್ಕ

ಬೆಳಗಿನ ಆರು ಗಂಟೆ. ಬೊಜ್ಜು ಹೀರಿ ತೆಗೆಯುವ ಆ ಸಣ್ಣ ಆಸ್ಪತ್ರೆಯ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರಡಿ ನರ್ಸೊಬ್ಬರು ತೂಕದ ಯಂತ್ರದ ಮೇಲೆ ಐದೈದು ಕಿಲೋದ ಎರಡು ತೂಕದ ಕಲ್ಲುಗಳನ್ನಿಟ್ಟು ಬಗ್ಗಿ ನೋಡುತ್ತಾರೆ. ಮುಳ್ಳು ಸರಿಯಾಗಿ ಹತ್ತಕ್ಕೆ ನಿಲ್ಲುತ್ತದೆ.

"ಮೊದಲು ಇದು ನಿಜ ಹೇಳ್ಬೇಕಲ್ಲ, ಜನ ಆಮೇಲೆ!" ಎನ್ನುತ್ತಾರೆ.

ಎಲ್ಲರ ಬಾಯಲ್ಲೂ ಇವರು ತಕ್ಕಡಿಯಕ್ಕ. ಇಲ್ಲಿ ರೋಗಿಯ ಎಚ್ಚರ ತಪ್ಪಿಸುವುದಿಲ್ಲ. ಸಲೈನಿಗೆ ಮರಗಟ್ಟಿಸುವ ಮದ್ದು ಬೆರೆಸಿ ಚರ್ಮದಡಿಯ ಕೊಬ್ಬಿಗೆ ತುಂಬುತ್ತಾರೆ. ಆ ಮದ್ದಿಗೆ ಮೈತೂಕಕ್ಕೆ ತಕ್ಕ ಗಡಿಯೊಂದಿದೆ. ದಾಟಿದರೆ ತುಟಿ ಜುಮ್ಮೆನ್ನುತ್ತದೆ, ಕಿವಿ ಗುಂಯ್‌ಗುಡುತ್ತದೆ. ತೀರಾ ಮೀರಿದರೆ ಫಿಟ್ಸ್ ಬರಬಹುದು, ಹೃದಯವೇ ನಿಲ್ಲಬಹುದು. ಅದು ರಕ್ತಕ್ಕೆ ಏರುವುದೂ ನಿಧಾನ. ಎಷ್ಟೋ ಸಲ ರೋಗಿ ಮನೆ ಸೇರಿದ ಮೇಲೆ. ತೂಗುವುದು, ಬೆರೆಸುವುದು, ಒಳಹೋದಷ್ಟನ್ನೂ ಗಟ್ಟಿಯಾಗಿ ಹೇಳುತ್ತ ಬೋರ್ಡಿನ ಮೇಲೆ ಬರೆಯುವುದು ಅಕ್ಕನ ಪಾಲು. ದಿನಕ್ಕೆ ಇಬ್ಬರು ರೋಗಿಗಳು, ಹತ್ತೊಂಬತ್ತು ವರ್ಷಗಳಿಂದ.

"ನೋವಾದ್ರೆ ಕೂಗ್ತಾರೆ. ಇಲ್ಲಿ ನೋವೇ ಗೊತ್ತಾಗಲ್ಲ ನೋಡಿ, ನನಗೆ ಅದೇ ಭಯ."

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಕ್ಕ ಒಬ್ಬಾಕೆಯ ತೂಕವನ್ನು ಬಾಯಿಮಾತಲ್ಲೇ ಕೇಳಿ ಬರೆದುಕೊಂಡಿದ್ದರು. ಆಕೆ ಹೇಳಿದ್ದು ನಿಜದ ತೂಕಕ್ಕಿಂತ ಹೆಚ್ಚಾಗಿತ್ತು, ಮದ್ದು ಗಡಿ ದಾಟಿತ್ತು. ಸಂಜೆ ಆಕೆಯ ಮಾತು ತೊದಲಿತು. ಐಸಿಯು ಹೊರಗಿನ ಬೆಂಚಿನಲ್ಲಿ ಅಕ್ಕ ಮೂರು ದಿನ ಕೂತರು. ಆಕೆ ಉಳಿದರು. "ದೇವರು ದೊಡ್ಡವನು. ಹಾಗಂತ ದಿನಾ ಅವನ ಮೇಲೇ ಹೊರೆ ಹಾಕೋಕಾಗುತ್ತಾ?"

ಅಂದಿನಿಂದ ಈ ಹಟ. "ನೆಂಟರು ಚಪ್ಪಲಿ ಬಿಡೋ ಮೊದಲೇ ತೂಗಿಬಿಡ್ತಾಳೆ, ಹುಷಾರು!" ಎಂದು ಮನೆಯಲ್ಲಿ ಅತ್ತೆಯ ಕೀಟಲೆ.

ಇಂದಿನ ಮೊದಲ ರೋಗಿ ಬಟ್ಟೆ ಹೊಲಿಯುವಾಕೆ. ಐದು ತಿಂಗಳ ಹಿಂದಿನ ಫೈಲಿನಲ್ಲಿ ಎಂಬತ್ತೆರಡು ಕಿಲೋ. ಮುಳ್ಳು ತೋರಿಸುವುದು ಎಪ್ಪತ್ತೊಂದು.

"ನಡೆದೂ ನಡೆದೂ ಇಳಿಸಿದೀನಿ ಅಕ್ಕ!"

"ಭೇಷ್ ತಾಯಿ. ಹಾಗಾದ್ರೆ ಮದ್ದೂ ಇಳೀಬೇಕು." ಅಕ್ಕ ಮತ್ತೆ ಲೆಕ್ಕ ಹಾಕುತ್ತಾರೆ. "ಹೊಟ್ಟೆಗೆ ಸಾಕು. ತೊಡೆಗೆ ಸಾಲಲ್ಲ."

ಆಕೆಯ ಮುಖ ಬಾಡುತ್ತದೆ. "ಅಯ್ಯೋ, ಅಂಗಡಿ ಮುಚ್ಚಿ ಬಂದಿದೀನಿ! ಎರಡೂ ಇವತ್ತೇ ಮುಗಿಸಿಕೊಡಿ."

ಸರ್ಜನ್ ಗಡಿಯಾರ ನೋಡುತ್ತಾರೆ. "ಸ್ವಲ್ಪ ತಾನೇ ಹೆಚ್ಚಾಗೋದು ಅಕ್ಕ?"

"ಸ್ವಲ್ಪ ಅಂತ ಬರೆಯೋಕೆ ಈ ಬೋರ್ಡಲ್ಲಿ ಜಾಗ ಇಲ್ಲ ಡಾಕ್ಟ್ರೇ. ಎಷ್ಟು ಅಂತ ಹೇಳಿ, ಬರೀತೀನಿ."

ಇಂದಿನ ಕೆಲಸವೆಂದು ಬೋರ್ಡಿನ ಮೇಲೆ 'ಹೊಟ್ಟೆ, ತೊಡೆ' ಎಂದು ಬರೆದಿದೆ. ಸರ್ಜನ್ 'ತೊಡೆ' ಎಂಬುದನ್ನು ತಾವೇ ಒರೆಸುತ್ತಾರೆ.

ಅಕ್ಕನಿಗೆ ಏನಾಸೆ? "ಎಲ್ಲ ಕಡೆ ತೂಕ ಕೇಳಿ ಬರೆಯೋದು ನಿಲ್ಲಲಿ, ನೋಡಿ ಬರೆಯಲಿ. ಇನ್ನೇನು ಬೇಕು ನನಗೆ?"

ಸಂಜೆ ಒಮ್ಮೆ ವಿಚಾರಿಸಿದ್ದು ಸಾಲದೆಂದು ಮರುದಿನ ಬೆಳಗ್ಗೆ, ತೂಕದ ಕಲ್ಲು ಮುಟ್ಟುವ ಮೊದಲೇ, ಹೊಲಿಯುವಾಕೆಗೆ ಮತ್ತೆ ಫೋನು ಹಚ್ಚುತ್ತಾರೆ. "ತುಟಿ ಜುಮ್ ಅಂತಿದ್ಯಾ? ಕಿವಿ ಗುಂಯ್ ಅಂತಿದ್ಯಾ?"

"ಏನೂ ಇಲ್ಲಕ್ಕ, ನಿಮ್ಮ ಮೇಲೆ ಸಿಟ್ಟಿದೆ ಅಷ್ಟೇ. ತೊಡೆ ಯಾವತ್ತು ಮಾಡ್ತೀರಿ?"

ಅಕ್ಕ ನಗುತ್ತಾರೆ. "ಬನ್ನಿ. ತೂಗಿ ಹೇಳ್ತೀನಿ."