ಎಪ್ಪತ್ತನಾಲ್ಕು ಒಳ್ಳೆಯ ಸುದ್ದಿಯೇ?

ನಮ್ಮ ಕರಾಸು ಹಳ್ಳಿಯಲ್ಲಿ ಉಲ್ಬೊಲ್ಸಿನ್ ಆಪಾ ಓಡುವುದು ಕಂಡರೆ ಎಲ್ಲಿ ಬೆಂಕಿ ಬಿತ್ತು ಎಂದು ಯಾರೂ ಕೇಳುವುದಿಲ್ಲ. ಅವಳು ಯಾರ ಗೇಟಿನ ಕಡೆ ತಿರುಗುತ್ತಾಳೆ ಎಂದು ನೋಡುತ್ತಾರೆ. ತಿರುಗಿದ ಮನೆಯವರು ಗಡಬಡಿಸಿ ಪೆಟ್ಟಿಗೆಯ ಬೀಗ ತೆಗೆಯುತ್ತಾರೆ.

ಒಳ್ಳೆಯ ಸುದ್ದಿ ತಂದವರು ಹೊಸ್ತಿಲಾಚೆಯೇ ನಿಂತು "ಸುಯಿಂಶಿ!" ಎಂದು ಕೂಗಬೇಕು. ಮನೆಯವರು ಮೊದಲು ಸ್ಕಾರ್ಫೋ ಶಾಲೋ ಏನಾದರೊಂದು ಕೈಗಿಡಬೇಕು, ಅದಕ್ಕೂ ಸುಯಿಂಶಿ ಎಂದೇ ಹೆಸರು, ಆಮೇಲೆ ಸುದ್ದಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಎನ್ನಿ. ಆದರೆ ನಮ್ಮಲ್ಲಿ ಇದೇ ಪದ್ಧತಿ, ಮತ್ತು ಈ ಪದ್ಧತಿಯಲ್ಲಿ ಆಪಾಳನ್ನು ಮೀರಿಸಿದವರು ಸುತ್ತಲಿನ ಯಾವ ಹಳ್ಳಿಯಲ್ಲೂ ಇಲ್ಲ. ಅವಳು ಶಾಲೆಯ ಕ್ಯಾಂಟೀನಿನಲ್ಲಿ ಅಡುಗೆಯವಳಾಗಿದ್ದಳು. ಅಲ್ಲಿನ ಕಿಟಕಿಯಿಂದ ಆಸ್ಪತ್ರೆಯ ಬಾಗಿಲೂ ಕಾಣುತ್ತಿತ್ತು, ಬಸ್ಸು ನಿಲ್ಲುವ ಜಾಗವೂ ಕಾಣುತ್ತಿತ್ತು. ಯಾರಿಗೆ ಮಗುವಾಯಿತು, ಯಾರ ಮಗ ಸೈನ್ಯದಿಂದ ಬಂದಿಳಿದ ಎಂಬುದು ಮೊದಲು ಸಾರಿನ ಪಾತ್ರೆಯ ಮುಂದೆ ತಿಳಿಯುತ್ತಿತ್ತು. ಸೌಟು ಹಿಡಿದುಕೊಂಡೇ ಅವಳು ಓಡಿದ ದಿನಗಳಿವೆ. ಅಂಥ ದಿನ ಮಕ್ಕಳು ತಾವೇ ಬಡಿಸಿಕೊಂಡು ಎರಡೆರಡು ಸಲ ಉಣ್ಣುತ್ತಿದ್ದರು.

ನಾನು ರೌಶನ್, ಅದೇ ಶಾಲೆಯ ಲೆಕ್ಕದ ಟೀಚರು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ. ಹಿರಿಯ ಹೆಂಗಸರನ್ನು, ಅಜ್ಜಿಯರನ್ನು ನಾವು ಆಪಾ ಎಂದು ಕರೆಯುವುದು; ಎದುರಿಗೆ ನೀವು ಎನ್ನುತ್ತೇನೆ, ಬರೆಯುವಾಗ ಅವಳು ಎನ್ನುತ್ತೇನೆ. ಬೇಲಿ ಪಕ್ಕದವರಿಗೆ ಅಷ್ಟು ಸಲಿಗೆ ಇರಲೇಬೇಕು.

ಅವಳಿಗೆ ಈ ಹುಚ್ಚು ಹತ್ತಿದ್ದು ಏಕೆಂದು ನನಗೆ ಗೊತ್ತು. ಅವಳ ಹೆಸರಿನ ಅರ್ಥವೇ 'ಗಂಡಾಗಲಿ' ಎಂದು. ಮೂರು ಹೆಣ್ಣಿನ ಮೇಲೆ ನಾಲ್ಕನೆಯವಳಾಗಿ ಹುಟ್ಟಿದಾಗ, ಮುಂದಿನದಾದರೂ ಗಂಡಾಗಲಿ ಎಂದು ಇಟ್ಟ ಹೆಸರು. ಆ ದಿನ ಸೂಲಗಿತ್ತಿ ಹೊರಗೆ ಬಂದು ಸುಯಿಂಶಿ ಎನ್ನಲೇ ಇಲ್ಲವಂತೆ. ಕೈ ತೊಳೆದು, ಚಹಾ ಕುಡಿದು, ಹವಾಮಾನದ ಬಗ್ಗೆ ಎರಡು ಮಾತಾಡಿ ಹೋದಳಂತೆ. ಆಪಾ ಇದನ್ನು ನಗುತ್ತಲೇ ಹೇಳುತ್ತಾಳೆ, ಆದರೆ ಪ್ರತಿ ಸಲ ಹೇಳುತ್ತಾಳೆ. ನನ್ನ ಮಗಳು ಹುಟ್ಟಿದಾಗ ನಮ್ಮತ್ತೆ ಮುಖ ಹುಳ್ಳಗೆ ಮಾಡಿಕೊಂಡು ಕೂತಿದ್ದರು. ಆಪಾ ಬಂದು ಗಂಡು ಹುಟ್ಟಿದರೂ ಯಾರೂ ಕೂಗದಷ್ಟು ಜೋರಾಗಿ ಕೂಗಿದಳು. ಬೀದಿಯೆಲ್ಲ ಕೇಳಿದ ಮೇಲೆ ನಮ್ಮತ್ತೆ ಎದ್ದು ನನ್ನ ಕೆಂಪು ಹೂವಿನ ಸ್ಕಾರ್ಫನ್ನು ತೆಗೆದುಕೊಡಲೇಬೇಕಾಯಿತು.

ಆಪಾಳ ಕಾಲು ಎಡವಿದ್ದೂ ಇದೆ. ಅವಳ ತೀರಿಕೊಂಡ ಗಂಡನ ಚಿಕ್ಕಪ್ಪನ ಮಗ ಕಾಬ್ದೆಶ್ ನಮ್ಮೂರಿನ ದನದ ಡಾಕ್ಟರು, ಮೈದುನ ಎಂಬ ಸಲಿಗೆಯಲ್ಲಿ ಅವಳನ್ನು ಗೋಳು ಹೊಯ್ದುಕೊಳ್ಳುವ ಹಕ್ಕುದಾರ. ಒಮ್ಮೆ ಹುಲ್ಲುಗಾವಲಿಗೇ ಓಡಿಹೋಗಿ, ನಿನ್ನ ಕುದುರೆ ಮರಿ ಹಾಕಿತು ಎಂದು ಅವನ ತಲೆಯ ಮೇಲಿನ ಹೊಸ ಉಣ್ಣೆಯ ಟೋಪಿಯನ್ನು ಕಿತ್ತುಕೊಂಡು ಬಂದಳು. ಮರಿ ಹಾಕಿದ್ದು ನಿಜ. ಕುದುರೆ ಮಾತ್ರ ಬೇರೆಯವರದು. ಟೋಪಿ ವಾಪಸು ಬರಲಿಲ್ಲ. ಅಂದಿನಿಂದ ಕಾಬ್ದೆಶ್ ಸಿಕ್ಕಾಗಲೆಲ್ಲ ಬೋಳುತಲೆ ತೋರಿಸಿ, "ಅತ್ತಿಗೆ, ಚಳಿ ಆಗ್ತಿದೆ," ಎನ್ನುತ್ತಾನೆ.

ಆದರೂ ಅವಳ ಕೀರ್ತಿಗೆ ನಿಜವಾಗಿ ಕುತ್ತು ತಂದದ್ದು ಕಾಲೇಜು ಸೇರುವ ಪರೀಕ್ಷೆ. ಮಗು ಹುಟ್ಟಿದರೆ ಒಳ್ಳೆಯದು, ಕಳೆದ ಒಂಟೆ ಸಿಕ್ಕರೆ ಒಳ್ಳೆಯದು. ಅಂಕ ಬಂದರೆ? ಆಪಾ ಓದಿದ ಕಾಲದಲ್ಲಿ ಐದಕ್ಕೆ ಐದು ಬಂದರೆ ಹಬ್ಬ, ಎರಡು ಬಂದರೆ ಒದೆ. ಅವಳ ಮಗನ ಕಾಲಕ್ಕೆ ಪರೀಕ್ಷೆ ನೂರಿಪ್ಪತ್ತೈದಕ್ಕಾಯಿತು, ಈಗ ನೂರನಲವತ್ತಕ್ಕೆ. ಹೀಗಾಗಿ ಒಂದೇ ಮನೆಯಲ್ಲಿ ಅಜ್ಜ ಒಂದು ತಕ್ಕಡಿಯಲ್ಲಿ ತೂಗುತ್ತಾನೆ, ಅಪ್ಪ ಇನ್ನೊಂದರಲ್ಲಿ. ಪರೀಕ್ಷೆ ಬರೆದ ಹುಡುಗ ಯಾರ ಕೈಗೂ ಸಿಗದೆ ಕೊಟ್ಟಿಗೆಯಲ್ಲಿ ಕೂರುತ್ತಾನೆ.

ಅಂಚೆ ಕಚೇರಿಯ ಕುಲ್ಯಾಶ್‌ಳ ಮಗನಿಗೆ ತೊಂಬತ್ತೆಂಟು ಬಂತೆಂದು ಕಿವಿಗೆ ಬಿದ್ದದ್ದೇ ತಡ, ನೂರಕ್ಕೆ ಎರಡೇ ಕಡಿಮೆ ಎಂದುಕೊಂಡು ಆಪಾ ಓಡಿದಳು. ಕುಲ್ಯಾಶ್ ರೇಷ್ಮೆ ಸ್ಕಾರ್ಫು ಕೈಗಿಟ್ಟು ಸುದ್ದಿ ಕೇಳಿದಳು. ಮಗನನ್ನು ಡಾಕ್ಟರು ಮಾಡಬೇಕೆಂದಿದ್ದವಳು, ಸರ್ಕಾರದ ಖರ್ಚಿನ ಸೀಟು ಸಿಗಲು ನೂರಿಪ್ಪತ್ತಾದರೂ ಬೇಕೆಂದು ಕಾದಿದ್ದವಳು, ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು. ಅಳುತ್ತಲೇ ಕೈ ಚಾಚಿ ಸ್ಕಾರ್ಫನ್ನು ವಾಪಸು ಎಳೆದುಕೊಂಡಳು. ಕೊಟ್ಟ ಸುಯಿಂಶಿ ಮರಳಿ ಹೋದದ್ದನ್ನು ಕರಾಸು ಅಂದೇ ಮೊದಲು ಕಂಡಿತು.

ಪೆಟ್ಟು ತಿಂದ ಆಪಾ ಮುಂದಿನ ವರ್ಷ ಹುಷಾರಾದಳು. ಕುರಿ ಮೇಯಿಸುವ ದೌಲೆತ್‌ನ ಮಗನಿಗೆ ಐವತ್ತೆರಡು ಎಂದು ಕೇಳಿ, ಸಾವಿನ ಮನೆಗೆ ಹೋಗುವ ಮುಖ ಹೊತ್ತು ಹೋದಳು. ಕೂತಳು, ನಿಟ್ಟುಸಿರು ಬಿಟ್ಟಳು, ಆರೋಗ್ಯವೊಂದಿದ್ದರೆ ಸಾಕಪ್ಪ ಎಂದಳು. ಹಿತ್ತಲಲ್ಲಿ ಆಗಲೇ ಕುರಿ ಕಡಿಯುತ್ತಿದ್ದರು. ಪುಸ್ತಕವನ್ನು ದಿಂಬಿಗೆ ಮಾತ್ರ ಬಳಸಿದ ಹುಡುಗ ಕಾಲೇಜಿಗೆ ಬೇಕಾದ ಐವತ್ತರ ಗೆರೆ ದಾಟಿದ್ದನಲ್ಲ! ಆಪಾಗೆ ಒಂದು ತುಂಡು ಮಾಂಸವೇನೋ ಸಿಕ್ಕಿತು, ಆದರೆ ಅದು ಅತಿಥಿಯ ಪಾಲು, ಸುಯಿಂಶಿಯ ಪಾಲಲ್ಲ. ಅವಳು ಉಂಡು ಬಂದು ನಮ್ಮ ಬೇಲಿ ಹಿಡಿದು ನಿಂತಳು.

"ರೌಶನ್, ನೀನು ಲೆಕ್ಕದವಳು. ನಂಗೆ ಒಂದೇ ಒಂದು ನಂಬರು ಹೇಳು. ಅದರ ಮೇಲಿದ್ರೆ ಓಡ್ತೀನಿ, ಕೆಳಗಿದ್ರೆ ಮನೇಲಿ ಬಿದ್ದಿರ್ತೀನಿ."

ಹಾಗೊಂದು ನಂಬರು ಇಲ್ಲ ಎಂದೆ. ಐವತ್ತು ಬಂದರೆ ಬಾಗಿಲು ತೆರೆಯುತ್ತದೆ, ದೊಡ್ಡ ವಿಶ್ವವಿದ್ಯಾಲಯಗಳಿಗೆ ಅರವತ್ತೈದು, ವೈದ್ಯಕೀಯಕ್ಕೆ ಎಪ್ಪತ್ತು, ಟೀಚರಾಗಲು ಎಪ್ಪತ್ತೈದು, ಬೇಸಾಯ ಮತ್ತು ದನದ ಡಾಕ್ಟರಿಕೆಗೆ ಅರವತ್ತು. ಇದೆಲ್ಲ ಸಾಲಿನಲ್ಲಿ ನಿಲ್ಲುವ ಹಕ್ಕು ಮಾತ್ರ. ಸರ್ಕಾರದ ಸೀಟು ಸಿಗುವುದು ಬಿಡುವುದು ಆ ವರ್ಷ ನಮ್ಮ ಮುಂದೆ ಯಾರು ಯಾರು ನಿಂತಿದ್ದಾರೆ ಎಂಬುದರ ಮೇಲೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಇದು ಅಂಕ ಅಲ್ಲ ಕಣೇ, ಕುರಿ ರೇಟು. ಹಬ್ಬದ ಹಿಂದಿನ ದಿನ ಒಂದು, ಮಾರನೇ ದಿನ ಇನ್ನೊಂದು."

ನನಗೆ ರೇಗಿತು. ಹಾಗಾದರೆ ಇನ್ನು ಮೇಲೆ ಅಂಕಕ್ಕೆ ಓಡಲೇಬೇಡಿ, ಮಗು ಮರಿಗೆ ಓಡಿ ಸಾಕು ಎಂದೆ. ಅವಳು ಓಡುವುದು ಬಿಟ್ಟಳು. ಅವಳನ್ನು ನೋಡಿ ಊರೂ ಕಲಿಯಿತು. ಅಂಕದ ಸುದ್ದಿ ಬಂದರೆ ಕರಾಸುವಿನಲ್ಲಿ ಈಗ ಯಾರೂ ಸುಯಿಂಶಿ ಎನ್ನುವ ಧೈರ್ಯ ಮಾಡುವುದಿಲ್ಲ, ಮೊದಲು ಆ ಮನೆಯವರ ಮುಖ ನೋಡುತ್ತಾರೆ.

ಕಳೆದ ಜೂನಿನಲ್ಲಿ ಅವಳ ಸ್ವಂತ ತೋಗ್ಜಾನ್ ಪರೀಕ್ಷೆಗೆ ಕೂತಳು. ಮಗನ ಚೊಚ್ಚಲ ಮಗಳು. ಮೊದಲ ಮೊಮ್ಮಗು ಅಜ್ಜಿಯ ಮಡಿಲಿಗೆ ಎಂಬ ನಮ್ಮ ಪದ್ಧತಿಯಂತೆ ಆಪಾಳೇ ಸಾಕಿದವಳು. ಆಪಾ ಅವಳನ್ನು ಮೊಮ್ಮಗಳು ಎನ್ನುವುದಿಲ್ಲ, ಮಗಳು ಎನ್ನುತ್ತಾಳೆ. ಆ ಹುಡುಗಿ ಹತ್ತು ವರ್ಷದವಳಿದ್ದಾಗಿನಿಂದ ತೋಳು ಮಡಚಿ ಕಾಬ್ದೆಶನ ಹಿಂದೆ ಕೊಟ್ಟಿಗೆ ಕೊಟ್ಟಿಗೆ ಅಲೆದವಳು, ಕರು ಅಡ್ಡ ತಿರುಗಿದರೆ ಊಟ ಬಿಟ್ಟು ಏಳುವವಳು. ಆದರೆ ಆಪಾಳ ಆಸೆ ಬೇರೆ. ಕ್ಯಾಂಟೀನಿನಲ್ಲಿ ಟೀಚರುಗಳಿಗೆಂದು ಬಟ್ಟೆ ಹಾಸಿದ ಒಂದು ಮೇಜಿತ್ತು. ವರ್ಷಗಟ್ಟಲೆ ಅದಕ್ಕೆ ಬಡಿಸಿದ ಆಪಾ ಒಂದು ದಿನವೂ ಅಲ್ಲಿ ಕೂತವಳಲ್ಲ. ತೋಗ್ಜಾನ್ ಕೂರಬೇಕು, ರಸಾಯನಶಾಸ್ತ್ರದ ಟೀಚರಾಗಿ. ಹುಡುಗಿ ರಸಾಯನ, ಜೀವಶಾಸ್ತ್ರ ಎರಡೂ ತೆಗೆದುಕೊಂಡಾಗ ಅಜ್ಜಿಗೆ ಖುಷಿಯಾಯಿತು. ಆ ಜೋಡಿಯಿಂದ ದನದ ಡಾಕ್ಟರಿಕೆಗೂ ದಾರಿಯಿದೆ ಎಂದು ಯಾರೂ ಬಾಯಿಬಿಡಲಿಲ್ಲ, ನಾನಂತೂ ಬಿಡಲಿಲ್ಲ.

ಪರೀಕ್ಷೆಯ ದಿನ ಅಪ್ಪ ಮಗಳು ಹಾಲಿನ ವ್ಯಾನಿನಲ್ಲಿ ಪಟ್ಟಣಕ್ಕೆ ಹೋದರು. ಈಗ ಎಲ್ಲ ಕಂಪ್ಯೂಟರಿನಲ್ಲಿ. ಬರೆದು ಮುಗಿಸಿದ ಕೂಡಲೇ ಅಂಕ ಕಣ್ಣೆದುರು ಬರುತ್ತದೆ. ಇತ್ತ ಆಪಾ ಪೆಟ್ಟಿಗೆಯನ್ನು ಅಂಗಳಕ್ಕೇ ತರಿಸಿದಳು. ಇಷ್ಟು ವರ್ಷ ಗಳಿಸಿದ ಒಂದು ಸ್ಕಾರ್ಫನ್ನೂ ಅವಳು ಕಟ್ಟಿಕೊಂಡಿರಲಿಲ್ಲ. ಎಲ್ಲವನ್ನೂ ಬೆಂಚಿನ ಮೇಲೆ ಹರವಿದಳು. ಯಾಕೆ ಎಂದು ಕೇಳಿದೆ.

"ಇವತ್ತು ಊರು ನನ್ನ ಬಾಗಿಲಿಗೆ ಓಡಿ ಬರುತ್ತೆ ಕಣೇ. ನನ್ನ ಹೆಸರು ಹೇಳಿ ಯಾರೂ ಯಾವತ್ತೂ ಸುಯಿಂಶಿ ಕೇಳಿದ್ದಿಲ್ಲ. ಇವತ್ತು ಕೇಳ್ಲಿ. ಬಂದೋರಿಗೆಲ್ಲ ಕೊಡ್ತೀನಿ."

ಮಧ್ಯಾಹ್ನ ತೋಗ್ಜಾನ್ ನನಗೇ ಫೋನು ಮಾಡಿದಳು. ಅಜ್ಜಿಗೆ ಹೇಳಲು ಧೈರ್ಯ ಸಾಲದೆ ಟೀಚರಿಗೆ ಹೇಳಿದಳು. ಎಪ್ಪತ್ತನಾಲ್ಕು. ಟೀಚರಾಗಲು ಒಂದು ಕಡಿಮೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೇಲಿ ದಾಟಿದರೆ ಆಪಾ, ಆದರೆ ನಾನು ಚಹಾಕ್ಕೆ ನೀರಿಟ್ಟು ಕೂತೆ. ಒಲೆಯ ಮೇಲಿನ ಚಹಾ ಕುದಿಯುವಷ್ಟರಲ್ಲಿ ಸುದ್ದಿ ಅದು ಹೇಗೋ ಊರೆಲ್ಲ ಹರಡಿತ್ತು. ಹೆಂಗಸರು ಒಬ್ಬೊಬ್ಬರಾಗಿ ಅವಳ ಗೇಟಿನ ಮುಂದೆ ಬಂದರು, ಆಕಾಶ ನೋಡುತ್ತಾ ಮುಂದೆ ಹೋದರು. ಕುಲ್ಯಾಶ್ ಎರಡು ಸಲ ಹೋದಳು. ನನಗೆ ಅವರ ಮೇಲೆ ಸಿಟ್ಟು ಬಂತು, ಅದಕ್ಕಿಂತ ನನ್ನ ಮೇಲೆ ಹೆಚ್ಚು ಬಂತು.

ಕಡೆಗೆ ಆಪಾಳೇ ಬೇಲಿಗೆ ಬಂದಳು. "ಯಾರಾದ್ರೂ ಸತ್ರಾ ರೌಶನ್?"

ಎಪ್ಪತ್ತನಾಲ್ಕು ಎಂದೆ.

"ಟೀಚರಿಗೆ ಎಷ್ಟು ಅಂದಿದ್ದೆ?"

"ಎಪ್ಪತ್ತೈದು."

ಅವಳು ಹೋಗಿ ಸ್ಕಾರ್ಫುಗಳನ್ನು ಒಂದೊಂದಾಗಿ ಮಡಚತೊಡಗಿದಳು. "ಒಂದೇ ಒಂದು," ಎಂದಳು. "ಕ್ಯಾಂಟೀನಲ್ಲಿ ಒಂದು ತಟ್ಟೆ ಕಡಿಮೆ ಬಿದ್ರೆ ಸಾರಿಗೆ ನೀರು ಸೇರಿಸ್ತಿದ್ದೆ. ಇಲ್ಲಿ ಹಂಗೆ ಮಾಡೋರು ಯಾರೂ ಇಲ್ವಾ?"

ಆಗ ಬೀದಿಯ ತುದಿಯಲ್ಲಿ ಕಾಬ್ದೆಶ್ ಕಾಣಿಸಿಕೊಂಡ. ಮಂಡಿಯುದ್ದ ರಬ್ಬರ್ ಬೂಟು, ಬೂಟಿಗೆ ಸೆಗಣಿ, ಮುಂದೆ ಹೊಟ್ಟೆ, ಹಿಂದೆ ಎರಡು ನಾಯಿ. ಆತ ಓಡುತ್ತಿದ್ದ. ಅವನು ಓಡಿದ್ದನ್ನು ನಾನೆಂದೂ ನೋಡಿರಲಿಲ್ಲ. ಅಂಗಳಕ್ಕೆ ಬಂದು ಬೆಂಚು ಹಿಡಿದು, ಉಸಿರು ಸಿಗದೆ, ಬೆಕ್ಕಿನ ದನಿಯಲ್ಲಿ ಸುಯಿಂಶಿ ಎಂದ.

"ನಡಿಯೋ," ಎಂದಳು ಆಪಾ. "ನಂಗೆಲ್ಲ ಗೊತ್ತಾಯ್ತು. ಗಾಯಕ್ಕೆ ಉಪ್ಪು ಸವರೋಕೆ ಬಂದ್ಯಾ?"

"ಅತ್ತಿಗೆ, ನಮ್ಮ ಕಸುಬಿಗೆ ಅರವತ್ತು ಸಾಕು. ನಿನ್ನ ಹುಡುಗಿ ಹದಿನಾಲ್ಕು ಜಾಸ್ತಿ ತಂದವ್ಳೆ. ಈ ದಾರಿಗೆ ಬರೋರೇ ಕಮ್ಮಿ, ಹಳ್ಳಿ ಮಕ್ಕಳಿಗೆ ಸೀಟಿನಲ್ಲಿ ಬೇರೆ ಪಾಲಿದೆ. ನಾನು ಮುದುಕ ಆದೆ, ಈ ಊರಿನ ಹಸುಗಳನ್ನ ಯಾರ ಕೈಗೆ ಕೊಡ್ಲಿ ಅಂತ ಎಷ್ಟು ವರ್ಷದಿಂದ ಕಾಯ್ತಿದೀನಿ ಗೊತ್ತಾ?"

ಸೀಟು ಖಾತ್ರಿಯಾಗುವುದು ಆಗಸ್ಟಿನಲ್ಲಿ ಎಂದು ಹೇಳಲು ನಾನು ಬಾಯಿ ತೆರೆದೆ, ಮುಚ್ಚಿದೆ. ಆಪಾ ನನ್ನ ಕೈಯಿಂದ ಹುಡುಗಿಗೆ ಕರೆ ಮಾಡಿಸಿ, ಫೋನು ಕಿತ್ತುಕೊಂಡು, ಸ್ಪೀಕರಿನಲ್ಲೇ ಕೇಳಿದಳು.

"ನಿಜ ಹೇಳು. ಬೇಕಂತ್ಲೇ ಒಂದು ಅಂಕ ಬಿಟ್ಟೆಯಾ?"

"ಅಷ್ಟು ಚೆನ್ನಾಗಿ ಲೆಕ್ಕ ಹಾಕೋಕೆ ಬಂದಿದ್ರೆ ನೂರನಲವತ್ತೂ ತರ್ತಿದ್ದೆ ಆಪಾ."

ಅವಳ ಲೆಕ್ಕದ ಟೀಚರು ಬೇಲಿಯ ಈಚೆ ತಲೆ ತಗ್ಗಿಸಿದಳು.

"ಸರಿ. ನಿಂಗೆ ಬೇಕಾಗಿದ್ದು ಯಾವುದು? ಮೇಜಾ, ಕೊಟ್ಟಿಗೆಯಾ?"

ವ್ಯಾನಿನ ಸದ್ದಿನ ನಡುವೆಯೇ "ಕೊಟ್ಟಿಗೆ," ಎಂದಳು ತೋಗ್ಜಾನ್.

ಆಪಾ ಫೋನು ನನ್ನ ಕೈಗಿಟ್ಟಳು. ಪೆಟ್ಟಿಗೆಯ ತಳಕ್ಕೆ ಕೈ ಹಾಕಿ, ಹುಳು ತಿಂದ ಒಂದು ಉಣ್ಣೆಯ ಟೋಪಿ ತೆಗೆದು ಕಾಬ್ದೆಶನ ತಲೆಗೆ ಒತ್ತಿದಳು. ಅವನ ಬೆನ್ನಿಗೆ ಕೈ ಹಚ್ಚಿ ಗೇಟಿನ ಕಡೆ ದಬ್ಬಿದಳು.

"ಆಚೆ ಹೋಗಿ ಮತ್ತೆ ಕೂಗು. ಈಗ ಕೂಗಿದ್ದು ನಂಗೊಬ್ಬಳಿಗೇ ಕೇಳಿಸ್ತು. ಬೀದಿಗೆ ಕೇಳ್ಬೇಕು. ನನ್ನ ಹೆಸರು, ಹುಡುಗಿ ಹೆಸರು ಎರಡೂ ಸೇರಿಸಿ ಕೂಗು."

ಕಾಬ್ದೆಶ್ ಗಂಟಲು ಸರಿಮಾಡಿಕೊಂಡು, ಹೋರಿಗಳನ್ನು ಹದ್ದುಬಸ್ತಿಗೆ ತರುವ ದನಿ ತೆಗೆದ. "ಸುಯಿಂಶಿ, ಉಲ್ಬೊಲ್ಸಿನ್ ಅತ್ತಿಗೆ! ನಿನ್ನ ತೋಗ್ಜಾನ್ ಗೆದ್ಲು!" ನಾಯಿಗಳು ಬೊಗಳಿದವು. ಒಂದೊಂದೇ ಗೇಟು ತೆರೆಯಿತು. ಆಕಾಶ ನೋಡಿಕೊಂಡು ಹೋದ ಹೆಂಗಸರೇ ಈಗ ಲಂಗ ಎತ್ತಿಕೊಂಡು ಓಡಿ ಬಂದರು, ಎಲ್ಲರಿಗಿಂತ ಮುಂದೆ ಕುಲ್ಯಾಶ್. ಮೊದಲು ಕೂಗಿದವರಿಗೆ ಮಾತ್ರ ಎಂಬುದು ನಿಯಮ, ಆದರೆ ಆಪಾ ಬಂದವರಿಗೆಲ್ಲ ಕೊಟ್ಟಳು. ಅವರವರು ಕೊಟ್ಟದ್ದನ್ನೇ ಹುಡುಕಿ ಹುಡುಕಿ ಅವರವರಿಗೆ ಕೊಟ್ಟಳು, ಕುಲ್ಯಾಶ್‌ಗೆ ಮಗ ಹುಟ್ಟಿದಾಗಿನ ಶಾಲು.

ಕೊನೆಗೆ ಒಂದು ಉಳಿಯಿತು. ಅದನ್ನು ಹಿಡಿದು ಅವಳು ನನ್ನತ್ತ ನೋಡುತ್ತಾ ನಿಂತಳು. ಎಪ್ಪತ್ತನಾಲ್ಕು ಎಂದು ಮೊದಲು ತಿಳಿದವಳು ನಾನು. ತಿಳಿದೂ ಕೂತಿದ್ದವಳು. ಬೇಲಿಯ ಅಡ್ಡಪಟ್ಟಿಯ ಮೇಲೆ ಕಾಲಿಟ್ಟು ನಿಂತು, ಶಾಲೆಯ ಮಕ್ಕಳು ನೋಡುತ್ತಿದ್ದರೂ ಲೆಕ್ಕಿಸದೆ, ನಾನೂ ಕೂಗಿದೆ. ಅವಳು ಹತ್ತಿರ ಬಂದು ಆ ಕೆಂಪು ಹೂವಿನ ಸ್ಕಾರ್ಫನ್ನು ನನ್ನ ತಲೆಗೆ ಕಟ್ಟಿದಳು.